ಮಳವಳ್ಳಿ ಬಸ್ಸು ನಿಲ್ಲಿಸಿದ ಆಟದ ಪೆಟ್ಟಿಗೆ

ಮಳವಳ್ಳಿ ಬಸ್ಸಿನ ಡ್ರೈವರು ಯಾವ ಹೋಟ್ಲಿನ ಮುಂದೆ ಬ್ರೇಕು ಹಾಕುತ್ತಾನೋ ಆ ಹೋಟ್ಲು ಬದುಕಿತು. ನಿಡಘಟ್ಟದಲ್ಲಿ ನಮ್ಮದೊಂದು ತಗಡಿನ ಹೋಟ್ಲು, ರಸ್ತೆಯಾಚೆ ಇನ್ನೊಂದು. ಬೆಂಗಳೂರಿಂದ ಮದ್ದೂರಿನ ಮೇಲೆ ಮಳವಳ್ಳಿಗೆ ಹೋಗುವ ಆ ಬಸ್ಸು ಬೆಳಿಗ್ಗೆ ಬಂದು ನಿಂತರೆ ಬಸ್ಸಿಗೆ ಬಸ್ಸೇ ತಿಂಡಿಗೆ ಇಳಿಯುತ್ತಿತ್ತು. ನಾನು ಹಿಟ್ಟು ರುಬ್ಬುತ್ತಿದ್ದುದು ಅದೊಂದು ಬಸ್ಸನ್ನು ನಂಬಿಕೊಂಡು. ಅದು ನಿಲ್ಲದ ದಿನ ಇಡ್ಲಿಯೆಲ್ಲ ಎಮ್ಮೆಗೆ.

ಬಹಳ ವರ್ಷ ನಮ್ಮ ಕಡೆಯೇ ನಿಲ್ಲುತ್ತಿತ್ತು. ನಾನೇನು ಅಂಥ ಅಡುಗೆಯವಳಲ್ಲ. ಎದುರಿನವಳ ಚಟ್ನಿ ನನ್ನದಕ್ಕಿಂತ ಕೆಟ್ಟದಾಗಿತ್ತು, ಅಷ್ಟೇ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಎದುರು ಹೋಟ್ಲಿನವನ ಭಾಮೈದ ಹಡಗಿನ ಕೆಲಸದವನು. ಅವನು ಒಂದು ಟೀವಿ, ಅದಕ್ಕೆ ತಗುಲಿಸುವ ಒಂದು ಆಟದ ಪೆಟ್ಟಿಗೆ ತಂದುಕೊಟ್ಟ. ಆಗ ನಮ್ಮ ಕಡೆ ಟೀವಿಯಲ್ಲಿ ಬೇರೇನೂ ಬರುತ್ತಿರಲಿಲ್ಲ. ಹಾಗಾಗಿ ಟೀವಿ ಅಂದರೆ ಎರಡು ಬಿಳಿ ಕಡ್ಡಿ, ನಡುವೆ ಓಡಾಡುವ ಒಂದು ಬಿಳಿ ಚುಕ್ಕೆ ಎಂದೇ ನಾವೆಲ್ಲ ತಿಳಿದಿದ್ದೆವು. ತಿರುಪು ತಿರುಗಿಸಿದರೆ ಕಡ್ಡಿ ಮೇಲೆ ಕೆಳಗೆ ಹೋಗುತ್ತದೆ. ಚುಕ್ಕೆಯನ್ನು ಎದುರಾಳಿಯ ಕಡೆಗೆ ಬಡಿಯಬೇಕು. ಅವನು ಬಿಟ್ಟರೆ ನಮಗೊಂದು ಪಾಯಿಂಟು. ಇಷ್ಟಕ್ಕೇ ಜನ ಕೈಯಲ್ಲಿದ್ದ ಕಾಫಿ ಆರುವ ತನಕ ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ಡ್ರೈವರು ಒಂದು ಕಡೆ, ಕಂಡಕ್ಟರು ಇನ್ನೊಂದು ಕಡೆ ಕೂತುಬಿಟ್ಟರು. ಒಂದೇ ವಾರದಲ್ಲಿ ಬಸ್ಸು ರಸ್ತೆಯಾಚೆ ಹೋಯಿತು.

ನಾನು ಬಿಡಲಿಲ್ಲ. ಡ್ರೈವರನ್ನು ಅಡ್ಡ ಹಾಕಿ ಕೇಳಿದೆ. "ಯಾಕಣ್ಣ, ನಮ್ ಇಡ್ಲಿಗೆ ಏನ್ ರೋಗ ಬಂದದೆ?"

"ಇಡ್ಲಿ ಚೆಂದಾಗೇ ಅದೆ ಕಣಕ್ಕ. ಆದ್ರೆ ಇಡ್ಲಿ ಜೊತೆ ಆಟ ಆಡಕಾಯ್ತದಾ?"

ನಮ್ಮ ಯಜಮಾನರು ಮದ್ರಾಸಿಗೆ ಹೋದರು. ಹಳೆಯದೊಂದು ಟೀವಿ, ಹೊಸದೊಂದು ಪೆಟ್ಟಿಗೆ ಹೊತ್ತು ತಂದರು. ಇದರಲ್ಲಿ ಒಂದಲ್ಲ, ನಾಲ್ಕು ಆಟ. ಚುಕ್ಕೆ ಬಡಿದರೆ ಟಿಕ್ ಎಂದು ಸದ್ದು ಬೇರೆ. ಎದುರಿನದು ಮೂಗ ಪೆಟ್ಟಿಗೆ. ಬಸ್ಸು ಮತ್ತೆ ಈಚೆಗೆ ಬಂತು. ಎದುರಿನವನು ಬಣ್ಣದ ಆಟ ಬರುವ ಟೀವಿ, ಪೆಟ್ಟಿಗೆ ಬೇಕೆಂದು ಭಾಮೈದನಿಗೆ ಕಾಗದ ಹಾಕಿದ ಸುದ್ದಿಯೂ ಬಂತು. ನಮ್ಮವರು ಮೀಸೆ ಮೇಲೆ ಕೈ ಹಾಕಿಕೊಂಡು ಓಡಾಡಿದರು. ಆದರೆ ಮೊದಲ ಎರಡು ಆಟ ಬಿಟ್ಟು ಆಟ ಬದಲಿಸುವ ಗುಂಡಿಯನ್ನು ಮುಂದಕ್ಕೆ ಸರಿಸಲು ಯಾರಿಗೂ ಕೊಡಲಿಲ್ಲ, ತಾವೂ ಸರಿಸಲಿಲ್ಲ. ಕೆಟ್ಟುಹೋದೀತು ಎಂಬ ಭಯ. ನಾನಂತೂ ಮುಟ್ಟುವ ಹಾಗೇ ಇರಲಿಲ್ಲ.

ಆಯುಧಪೂಜೆ ಬಂತು. ರುಬ್ಬುವ ಕಲ್ಲು, ಇಡ್ಲಿ ಪಾತ್ರೆ, ಈಳಿಗೆ ಮಣೆ, ಸೈಕಲ್ಲು, ಎಲ್ಲಕ್ಕೂ ವಿಭೂತಿ, ಗಂಧ, ಹೂವು. ಕೊನೆಗೆ ಯಜಮಾನರು ಗಂಧದ ಬಟ್ಟಲು ಹಿಡಿದು ಆಟದ ಪೆಟ್ಟಿಗೆಯ ಮುಂದೆ ಕೂತರು.

"ಸೂಕ್ಷ್ಮದ ಸಾಮಾನು ಕಣ್ರೀ, ಒಂದು ಊವ ಮಡಗಿ ಸಾಕು," ಅಂದೆ.

"ಸುಮ್ಕಿರಮ್ಮಿ. ಬಸ್ಸ ಕರ್ಕಬಂದಿದ್ದು ಇದು. ಇದ್ಕೆ ಗಂಧ ಇಕ್ದೆ ನಿನ್ ಒರಳಿಗೆ ಮಾತ್ರ ಇಕ್ಲಾ?"

ಎರಡು ತಿರುಪಿನ ಬುಡಕ್ಕೂ ದಪ್ಪಗೆ ಗಂಧ ಮೆತ್ತಿದರು. ಮಾವಿನೆಲೆಯಲ್ಲಿ ತೀರ್ಥ ಚಿಮುಕಿಸಿದರು. ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದರು.

ಮಾರನೆಯ ಬೆಳಿಗ್ಗೆ ಎಡಗಡೆ ತಿರುಪು ಅಲ್ಲಾಡಲಿಲ್ಲ. ಒಣಗಿದ ಗಂಧ ಗಾರೆಯಂತೆ ಕಚ್ಚಿಕೊಂಡಿತ್ತು. ಇವರು ಇಕ್ಕಳ ಹಾಕಿ ತಿರುಗಿಸಿದರು, ತಿರುಪು ಮುರಿದು ಕೈಗೆ ಬಂತು. ಟೀವಿಯಲ್ಲಿ ಎಡಗಡೆ ಕಡ್ಡಿ ತಳದಲ್ಲಿ ಸತ್ತು ಬಿದ್ದಿತ್ತು. ಮಂಡ್ಯದ ರೇಡಿಯೋ ರಿಪೇರಿಯವನು ಹಬ್ಬಕ್ಕೆಂದು ಊರಿಗೆ ಹೋಗಿದ್ದ.

ಬಸ್ಸು ಬಂತು. ಕಂಡಕ್ಟರು ಒಳಗೆ ಇಣುಕಿ ನೋಡಿ ಕೂಗಿದ. "ಅಣ್ಣೋ, ಇಲ್ಲಿ ಆಟ ಮಲಗ್ಬುಟ್ಟದೆ. ಆ ಕಡೀಕೇ ಓಗವ ಬಾ." ಹೋದರು. ಯಜಮಾನರು ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತರು. "ಮುಚ್ಬುಡದೇ ಇನ್ನ ಓಟ್ಲ," ಅಂದರು. ನನಗೆ ಅಯ್ಯೋ ಅನ್ನಿಸಲಿಲ್ಲ, ಸಿಟ್ಟು ಬಂತು. ಮುಚ್ಚಿದರೆ ನಾನು ಕಂಡವರ ಗದ್ದೆಗೆ ನಾಟಿಗೆ ಹೋಗಬೇಕಿತ್ತು.

ಮಧ್ಯಾಹ್ನ ಅಕ್ಕಿ ನೆನೆಹಾಕಿ, ಪೆಟ್ಟಿಗೆ ಮುಂದೆ ಕೂತೆ. ಮುರಿದ ಮೇಲೆ ಇನ್ನು ಕೆಡುವುದೇನು? ಬರೆದಿದ್ದ ಇಂಗ್ಲಿಷು ನನಗೆ ಬಾರದು, ಗುಂಡಿಯನ್ನು ಒಂದೊಂದೇ ಹೆಜ್ಜೆ ಸರಿಸಿದೆ. ಮೂರನೆಯದಕ್ಕೆ ಒಂದು ಗೋಡೆ ಬಂತು. ನಾಲ್ಕನೆಯದಕ್ಕೆ ಅದೇ ಗೋಡೆ, ಎದುರಿಗೆ ಒಂದೇ ಕಡ್ಡಿ, ಅದೂ ಬಲಗಡೆ ತಿರುಪಿನದು. ಚುಕ್ಕೆ ಗೋಡೆಗೆ ಬಡಿದು ವಾಪಸು ಬಂತು. ಎದುರಾಳಿಯೇ ಬೇಡ! ಅಕ್ಕಿ ನೆನೆಯುವ ತನಕ ಆಡಿದೆ.

ಆಡುತ್ತಾ ಡ್ರೈವರು ನೆನಪಾದ. ಅವನು ಒಂದು ದಿನವೂ ಗೆದ್ದಿರಲಿಲ್ಲ. ದಾರಿಯುದ್ದಕ್ಕೂ ಅವನ ಕೈಲಿ ಬೈಸಿಕೊಳ್ಳುತ್ತಿದ್ದ ಕಂಡಕ್ಟರು ಅವನನ್ನು ಸೋಲಿಸಿ, ಪ್ಯಾಸೆಂಜರುಗಳ ಮುಂದೆ, "ಇಷ್ಟ್ ದೊಡ್ ಬಸ್ ಓಡುಸ್ತಾನೆ, ಒಂದು ಚುಕ್ಕೆ ತಡೆಯಕಾಗಕಿಲ್ಲ ನೋಡ್ರಪ್ಪಾ," ಅಂತ ನಗಿಸುತ್ತಿದ್ದ. ಡ್ರೈವರ ಕಿವಿ ಕೆಂಪಾಗುತ್ತಿತ್ತು.

ಮಾರನೆಯ ದಿನ ಬಸ್ಸಿಗೆ ಕೈ ಅಡ್ಡ ಹಿಡಿದು ನಿಂತೆ. ಡ್ರೈವರ ಕಿಟಕಿಗೆ ಹೋಗಿ ಮೆಲ್ಲಗೆ ಹೇಳಿದೆ. "ಅಣ್ಣ, ನಮ್ ಪೆಟ್ಗೇಲಿ ಒಬ್ರೇ ಆಡ ಆಟ ಸಿಕ್ಕದೆ. ಚುಕ್ಕೆಯ ಗೋಡೆಗೆ ಬಡಿಯದು. ಗೋಡೆ ಯಾರ್ನೂ ಆಡ್ಕಳಕಿಲ್ಲ."

ಅವನು ಹಿಂದೆ ತಿರುಗಿ ಕಂಡಕ್ಟರನ್ನು ನೋಡಿದ. ಸ್ಟೇರಿಂಗು ನಮ್ಮ ಕಡೆಗೆ ತಿರುಗಿಸಿದ.

"ನಿಂಗೆಂಗ್ ಗೊತ್ತಾಯ್ತು ಇದು?" ಯಜಮಾನರು ಪಿಸುಗುಟ್ಟಿದರು.

"ತಿರುವಿ ನೋಡ್ದೆ. ನೀವು ಗಂಧ ಇಕ್ಕುದ್ರಿ."

ಎದುರಿನವನಿಗೆ ಸಂಕ್ರಾಂತಿ ಹೊತ್ತಿಗೆ ಬಣ್ಣದ ಟೀವಿ, ಪೆಟ್ಟಿಗೆ ಬಂತು. ಡ್ರೈವರು ಹೋಗಿ ನೋಡಿದ. ಕಂಡಕ್ಟರು ಆಗಲೇ ಒಂದು ತಿರುಪು ಹಿಡಿದು ಕೂತಿದ್ದನ್ನು ಕಂಡು, ರಸ್ತೆ ದಾಟಿ ವಾಪಸು ಬಂದ. ಆ ಬೆಳಗುಗಳು ಸುಖವಾಗಿದ್ದವು ಎಂದು ನಾನು ಹೇಳುವುದಿಲ್ಲ. ಸೌದೆ ಹೊಗೆಗೆ ಕಣ್ಣು ಉರಿಯುತ್ತಿತ್ತು, ಸೊಂಟ ಹಿಡಿಯುತ್ತಿತ್ತು. ಆದರೂ ಒಲೆ ಮುಂದೆ ನಿಂತಾಗ ಬೆನ್ನ ಹಿಂದಿಂದ ಬರುತ್ತಿದ್ದ ಆ ಟಿಕ್ ಟಿಕ್ ಸದ್ದು ಈಗಲೂ ಬೇಕು ಅನ್ನಿಸುತ್ತದೆ. ಹೊರಗೆ ಕಂಡಕ್ಟರು ಹಾರ್ನು ಒತ್ತುತ್ತಿದ್ದ. "ಅಣ್ಣೋ, ಮದ್ದೂರಲ್ಲಿ ಜನ ಕಾಯ್ತಾವ್ರೆ!"

"ಇದೊಂದು ಚುಕ್ಕೆ ಕಣ್ಲಾ, ತಡಿ!"

ಜನ ಮತ್ತೆ ಕೂರುತ್ತಿದ್ದರು. ನಾನು ಇನ್ನೊಂದು ಒಬ್ಬೆ ಇಡ್ಲಿ ಬೇಯಲು ಇಡುತ್ತಿದ್ದೆ.