ಏಕಾದಶಿ ಉಂಡೆ, ತಾಂಡ್ಯದ ಡಬ್ಬಿ

“ಇವತ್ತಿನ ಉಂಡೆ ಸೂಪರ್ ಕಣೇ! ಅಂತೂ ಆ ಓಟ್ಸ್ ಹಾಕೋದು ಬಿಟ್ಟೆಯಲ್ಲ, ಬದುಕಿದೆ.”

ಗಂಡ ಫೋನ್ ಮಾಡಿ ಇಷ್ಟು ಹೊಗಳಿದರೆ ಯಾವ ಹೆಂಡತಿಗೆ ಖುಷಿಯಾಗಲ್ಲ ಹೇಳಿ? ನನಗೆ ಮಾತ್ರ ಆಗಲಿಲ್ಲ. ಹೋದ ವಾರ ಟಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ನಂಜನಗೂಡು ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಬಂದ ಫೋನು ಅದು.

ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಹಿಂದಕ್ಕೆ ಬನ್ನಿ.

ಸೋಸಲೆಯಲ್ಲಿ ನನ್ನ ಸೋದರತ್ತೆ ಇದ್ದಾರೆ. ಎಂಬತ್ತರ ಹತ್ತಿರ ವಯಸ್ಸು. ಮದುವೆಯಾಗಿ ಆ ಮನೆಗೆ ಕಾಲಿಟ್ಟಾಗಿನಿಂದ ಒಂದೇ ಒಂದು ಏಕಾದಶಿ ತಪ್ಪಿಸಿದವರಲ್ಲ. ನಮ್ಮ ನಿಮ್ಮ ಥರ ಅವಲಕ್ಕಿ ಉಪ್ಪಿಟ್ಟು, ಗೋಧಿ ದೋಸೆ ತಿಂದು ‘ಉಪವಾಸ’ ಅನ್ನೋ ಪೈಕಿ ಅಲ್ಲ. (ನಮ್ಮ ಮನೆಯಲ್ಲಿ ಏಕಾದಶಿ ದಿನ ಮಾಮೂಲಿಗಿಂತ ಎರಡು ಐಟಂ ಜಾಸ್ತಿಯೇ.) ಅತ್ತೆಯದು ತೊಟ್ಟು ನೀರೂ ಮುಟ್ಟದ ಉಪವಾಸ.

ಹೋದ ವಾರದ್ದಕ್ಕೆ ಹಿಂದಿನ ಏಕಾದಶಿಗೆ ತುಳಸಿಕಟ್ಟೆ ಸುತ್ತುವಾಗ ತಲೆ ತಿರುಗಿ ಬಿದ್ದರು. ಹಣೆಗೆ ಮೂರು ಹೊಲಿಗೆ. “ಇನ್ನೊಂದ್ಸಲ ಹೀಗೆ ಬಿದ್ರೆ ಏಳೋದು ಕಷ್ಟ, ಏನಾದ್ರೂ ತಿನ್ನಲೇಬೇಕು” ಅಂತ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದರು. “ಬಿದ್ರೆ ಬೀಳ್ತೀನಿ” ಅಂತ ಅತ್ತೆಯೂ ಅಷ್ಟೇ ಚೆನ್ನಾಗಿ ಕಡ್ಡಿ ಮುರಿದರು. ಮಗ ಹೇಳಿ ನೋಡಿದ, ಸೊಸೆ ಅತ್ತು ನೋಡಿದಳು. ಕೊನೆಗೆ ಕೇಸು ನನ್ನ ಹತ್ತಿರ ಬಂತು. ಅತ್ತೆಗೆ ನನ್ನ ಹತ್ತಿರ ಸ್ವಲ್ಪ ಸಲಿಗೆ.

ಫೋನಿನಲ್ಲೇ ಶುರು ಮಾಡಿದೆ. “ಅತ್ತೆ, ಒಲೆ ಹಚ್ಚದೆ, ನೀರು ಸೋಕಿಸದೆ ಮಾಡಿದ್ದು ತಿಂತೀರಾ? ಮುಸುರೆ ಆಗಲ್ಲ.”

(ಮುಸುರೆ ಗೊತ್ತಲ್ಲ? ಬೇಯಿಸಿದ್ದು ಸೋಕಿದರೆ ಆಗೋ ಮೈಲಿಗೆ. ಬೇಯಿಸದ ಹಣ್ಣುಹಂಪಲಿಗೆ ಅದರ ಕಾಟ ಇಲ್ಲ.)

“ಅದೆಂಥದ್ದೇ?”

“ಖರ್ಜೂರ, ಬಾದಾಮಿ, ಗೋಡಂಬಿ, ಒಣದ್ರಾಕ್ಷಿ. ಕುಟ್ಟಿ ಉಂಡೆ ಕಟ್ಟೋದು. ಧಾನ್ಯದ ಸುದ್ದಿನೇ ಇಲ್ಲ. ಹಣ್ಣು ತಿಂದ ಹಾಗೆ.”

“ಕುಟ್ಟೋದು ಯಾವುದರಲ್ಲಿ? ನಿನ್ನ ಮಿಕ್ಸಿಲಿ ದೋಸೆ ಹಿಟ್ಟು ರುಬ್ಬಿರ್ತೀಯ.”

ಹೀಗೆ ಹತ್ತು ದಿನ ಚೌಕಾಸಿ ನಡೀತು. ಮೊಬೈಲಿನಲ್ಲಿ ಇದಕ್ಕೆ ‘ನೋ ಬೇಕ್ ಎನರ್ಜಿ ಬೈಟ್ಸ್’ ಅಂತಾರೆ, ಐದೇ ನಿಮಿಷ ಅಂತಾರೆ. ಅವರು ಸೋಸಲೆ ಅತ್ತೆಯನ್ನು ಕಂಡಿಲ್ಲ. ಕೊನೆಗೆ ಒಪ್ಪಂದವಾಯ್ತು: ಹೊಸ ಕುಟ್ಟಾಣಿ, ತಲೆಗೆ ಸ್ನಾನ, ಮಡಿ ಸೀರೆ, ಒಂದು ಕಾಳು ಧಾನ್ಯ ಸೋಕಕೂಡದು.

“ನಿನ್ನನ್ನ ನಂಬಿ ಒಪ್ತಾ ಇದೀನಿ” ಅಂದರು ಅತ್ತೆ.

ಏಕಾದಶಿ ದಿನ ಐದಕ್ಕೇ ಎದ್ದು ಮಡಿಯುಟ್ಟು ಕೂತೆ. ಬೀಜ ತೆಗೆದ ಖರ್ಜೂರ ಕುಟ್ಟೋದು ಅಂದರೆ ತಮಾಷೆಯಲ್ಲ ಕಣ್ರೀ, ಕುಟ್ಟಾಣಿಗೆ ಅಂಟಿಕೊಂಡು ಕೂರುತ್ತೆ. ಬಾದಾಮಿ, ಗೋಡಂಬಿ ತರಿತರಿಯಾಗಿ ಕುಟ್ಟಿ, ಏಲಕ್ಕಿ ಬೆರೆಸಿ, ಅಂಗೈಗೆ ತುಪ್ಪ ಸವರಿಕೊಂಡು ಉಂಡೆ ಕಟ್ಟಿ, ಕೊಬ್ಬರಿ ತುರಿಯಲ್ಲಿ ಹೊರಳಿಸಿದೆ. ಹನ್ನೆರಡು ಉಂಡೆ ಆಯ್ತು, ಡಬ್ಬಿಗೆ ತುಂಬಿದೆ.

ಈಗ ಕಥೆಗೆ ಎರಡನೇ ಡಬ್ಬಿ ಬರುತ್ತೆ. ನಮ್ಮನೆಯವರು ತಾಂಡ್ಯದ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಅವರ ಬಜ್ಜಿ ಬೋಂಡಾ ಚಟ ಬಿಡಿಸೋಕೆ ಅವರಿಗೂ ಇದೇ ಉಂಡೆ, ಆದರೆ ಹೊಟ್ಟೆ ತುಂಬಲಿ ಅಂತ ಓಟ್ಸ್ ಪುಡಿ ಬೆರೆಸಿದ್ದು. ಹಿಂದಿನ ದಿನವೇ ಮಾಡಿ ತುಂಬಿಟ್ಟಿದ್ದೆ. ಎರಡೂ ಒಂದೇ ಮದುವೆಯಲ್ಲಿ ತಾಂಬೂಲದ ಜೊತೆ ಕೊಟ್ಟ ಸ್ಟೀಲ್ ಡಬ್ಬಿ. ಎರಡರ ಮುಚ್ಚಳದ ಮೇಲೂ ಅದೇ ಮದುಮಕ್ಕಳ ಹೆಸರು. (ಮನೆಗೊಂದು ಅಂತ ಕೊಡ್ತಿದ್ದರು. ನಾನು, ಅವರು ಬೇರೆ ಬೇರೆ ಹೋಗಿ ಒಂದೊಂದು ಈಸ್ಕೊಂಡಿದ್ವಿ. ಅದರ ಫಲ ಈಗ ಸಿಕ್ಕಿತು.)

ಮಡಿಯ ಗಡಿಬಿಡಿಯಲ್ಲಿ ತಿಂಡಿ ಮಾಡಲಿಲ್ಲ. ಅವರು ಕಾಫಿ ಕುಡಿದು ಒಂದು ಡಬ್ಬಿ ಎತ್ತಿಕೊಂಡು ಹೋದರು. ನಾನು ಇನ್ನೊಂದನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಸೋಸಲೆಯಲ್ಲಿ ಅತ್ತೆ ಜಪ ಮುಗಿಸಿ ಬಂದು ಒಂದು ಉಂಡೆ ತಗೊಂಡು ತಿರುಗಿಸಿ ತಿರುಗಿಸಿ ನೋಡಿದರು. ಬಾಯಿಗಿಟ್ಟರು. “ಚೆನ್ನಾಗಿದೆ ಕಣೇ” ಅಂತ ಇನ್ನೊಂದಕ್ಕೂ ಕೈ ಹಾಕಿದರು. ನನ್ನ ಕಣ್ಣಲ್ಲಿ ನೀರು ಬಂತು. ಗೆದ್ದೆ ಅಂದುಕೊಂಡು ಆಟೋ ಹತ್ತಿ ನರಸೀಪುರಕ್ಕೆ ಬಂದೆ. ಆಗ ಬಂತು ಆ ಫೋನು.

ಓಟ್ಸ್ ಇಲ್ಲದ ಉಂಡೆ ತಾಂಡ್ಯದಲ್ಲಿದ್ದರೆ, ಓಟ್ಸ್ ಇರೋದು ಯಾರ ಹೊಟ್ಟೆಯಲ್ಲಿದೆ?

ನನ್ನ ಬಸ್ಸು ಬಂದು ನಿಂತಿತು. ಹತ್ತಿ ಮನೆಗೆ ಹೋಗಿಬಿಡಬಹುದಿತ್ತು. ಅತ್ತೆಗೆ ಓಟ್ಸ್ ಅಂದರೆ ಏನು ಅಂತಲೇ ಗೊತ್ತಿಲ್ಲ, ಯಾವ ಕಾಲಕ್ಕೂ ಗೊತ್ತಾಗಲ್ಲ. ಹೇಳಿದರೆ? ಅಷ್ಟು ವರ್ಷದ ವ್ರತ ನನ್ನ ಕೈಯಿಂದ ಮುರಿಯಿತು ಅಂತಾಗುತ್ತೆ. ಇನ್ನು ಮೇಲೆ ಏನೂ ಮುಟ್ಟಲ್ಲ, ಮತ್ತೆ ಬೀಳ್ತಾರೆ. ಹೇಳದಿರೋದೇ ಒಳ್ಳೇದಲ್ವಾ?

ನಾವೆಲ್ಲ ಮಾಡೋದು ಅದನ್ನೇ ತಾನೇ? ಮಾತ್ರೆ ಪುಡಿ ಮಾಡಿ ಮೊಸರನ್ನದಲ್ಲಿ ಕಲಸಿ ವಯಸ್ಸಾದವರಿಗೆ ಕೊಡ್ತೀವಿ. ‘ಅವರಿಗೇನು ಗೊತ್ತಾಗುತ್ತೆ ಬಿಡು’ ಅಂತೀವಿ. ಅವರ ಒಳ್ಳೇದಕ್ಕೇ ಅಂತೀವಿ. ಆದರೆ ‘ನಂಬಿ ಒಪ್ತಾ ಇದೀನಿ’ ಅಂದಿದ್ದರಲ್ಲ, ಆ ಮಾತು ಬಸ್ಸು ಹತ್ತೋಕೆ ಬಿಡಲಿಲ್ಲ.

ನಾನು ಬಂದಿದ್ದ ಆಟೋದವನೇ ಇನ್ನೂ ಅಲ್ಲೇ ನಿಂತಿದ್ದ. “ಇದ್ಯಾಕಕ್ಕ, ಈಗ್ ತಾನೆ ಬಂದ್ರಿ, ಮತ್ತೆ ಸೋಸ್ಲೆಗೇ ಓಗ್ಬೇಕಾ?”

“ಹೂಂ ಕಣಪ್ಪ, ಮರೆತು ಬಂದಿದೀನಿ.”

“ಏನ್ ಮರ್ತ್ರಿ?”

“ಒಂದು ಮಾತು” ಅಂತ ಹತ್ತಿ ಕೂತೆ.

ಅತ್ತೆ ಜಗಲಿಯಲ್ಲಿ ತುಳಸಿ ಬಿಡಿಸುತ್ತಾ ಗೆಲುವಾಗಿ ಕೂತಿದ್ದರು. ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. “ಓಟ್ಸ್ ಧಾನ್ಯ ಅತ್ತೆ. ಡಬ್ಬಿ ಅದಲು ಬದಲಾಯ್ತು. ತಪ್ಪು ನಂದೇ.”

ಅತ್ತೆ ಎದ್ದು ದೇವರ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಐದು ನಿಮಿಷ. ಹತ್ತು ನಿಮಿಷ. ಜಗಲಿಯಲ್ಲಿ ಕೂತವಳಿಗೆ ಅವರ ಹಣೆಯ ಮೇಲಿನ ಹೊಲಿಗೆ ಗುರುತೇ ಕಣ್ಮುಂದೆ. ನಾನೇನು ಮಾಡಿಬಿಟ್ಟೆ ಅಂತ ಅಳು ಬಂದುಬಿಟ್ಟಿತು.

ಬಾಗಿಲು ತೆಗೆದು ಬಂದರು. “ನೀನು ಹೇಳ್ದೇ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ.”

“ಹೌದು ಅತ್ತೆ.”

“ಮತ್ಯಾಕೆ ಬಂದೆ?”

“ನನ್ನನ್ನ ನಂಬಿ ತಿಂದ್ರಲ್ಲ, ಅದಕ್ಕೆ.”

“ಹೂಂ. ಕಣ್ಣು ಒರೆಸ್ಕೋ. ತಿಳಿದು ತಿಂದಿದ್ದಲ್ಲ, ಅವನಿಗೆ ಹೇಳಿ ತಪ್ಪೊಪ್ಪಿಗೆ ಮಾಡ್ಕೊಂಡು ಬಂದಿದೀನಿ. ಮುಂದಿನ ಏಕಾದಶಿಗೂ ನೀನೇ ಮಾಡ್ಕೊಂಡು ಬಾ. ಬೇರೆ ಯಾರು ಕೊಟ್ರೂ ಮುಟ್ಟಲ್ಲ. ಮೊದಲು ಆ ಡಬ್ಬಿ ಬದಲಾಯ್ಸು.”

ಉಸ್ಸಪ್ಪಾ! ಎದೆ ಮೇಲಿದ್ದ ಬಂಡೆ ಇಳಿದ ಹಾಗಾಯ್ತು. ಅಲ್ಲೇ ಕಾಲಿಗೆ ಬಿದ್ದೆ. ತಿಂತಾರೆ, ಇನ್ನು ಬೀಳಲ್ಲ. ನನಗೆ ಇನ್ನೇನು ಬೇಕು?

ಅಷ್ಟಕ್ಕೇ ಮುಗಿಯಲಿಲ್ಲ. ಹೊರಡುವಾಗ ಅತ್ತೆಗೆ ಏನೋ ಹೊಳೆಯಿತು. “ನಿನ್ನ ಗಂಡ ಬೆಳಗ್ಗೆಯಿಂದ ಬೇರೆ ಏನು ತಿಂದಿದಾನೆ?”

ಫೋನ್ ಮಾಡಿ ಕೇಳಿದೆ. ಮೆಷಿನ್ ಕೆಟ್ಟಿತ್ತಂತೆ, ಕ್ಯಾಂಟೀನಿಗೂ ಹೋಗಿಲ್ಲವಂತೆ. ಹನ್ನೆರಡೂ ಉಂಡೆ ಅವರೊಬ್ಬರೇ ಖಾಲಿ ಮಾಡಿದ್ದಾರೆ.

“ಬರೀ ಉಂಡೆ, ಕಾಫಿ ಅಂತೆ ಅತ್ತೆ.”

“ಕಾಫಿ ಸುದ್ದಿ ನೀನು ಹೇಳಿಲ್ಲ, ನಾನು ಕೇಳಿಲ್ಲ. ಈ ಸಲದ ಏಕಾದಶಿ ನಿನ್ನ ಗಂಡ ಹಿಡಿದಿದಾನೆ. ಅರ್ಧಕ್ಕೆ ಬಿಡಿಸ್ಬೇಡ, ಪೂರ್ತಿ ಮಾಡ್ಸು. ನಾಳೆ ದ್ವಾದಶಿ, ಬೆಳಗ್ಗೆ ಬೇಗ ಊಟಕ್ಕೆ ಹಾಕು.”

ಸಂಜೆ ನಮ್ಮನೆಯವರು ಬಂದು, ಕೈಕಾಲು ತೊಳೆದು, ತಟ್ಟೆ ಹಾಕಿಕೊಂಡು ಕೂತರು. ಜನ್ಮದಲ್ಲಿ ಒಂದೂ ಉಪವಾಸ ಮಾಡದ ಮನುಷ್ಯನಿಗೆ ವಿಷಯ ತಿಳಿಸಿದೆ. ಹಾಕಿಕೊಂಡ ತಟ್ಟೆಯನ್ನು ಆಚೆ ಸರಿಸಿದರು. ಅತ್ತೆ ಹೆಸರು ಬಂದ ಮೇಲೆ ಎದುರಾಡೋ ಧೈರ್ಯ ಅವರಿಗೂ ಇಲ್ಲ.

“ಹೋಗ್ಲಿ, ಆ ಉಂಡೆನಾದ್ರೂ ಇನ್ನೆರಡು ಕೊಡೇ” ಅಂದರು.

ಕೊಡಬಹುದಿತ್ತು. ಆದರೆ ಮನೆಯಲ್ಲಿ ಉಳಿದಿರೋದು ಅತ್ತೆ ವಾಪಸ್ ಕಳಿಸಿದ ಡಬ್ಬಿ. ಅದರಲ್ಲಿ ಓಟ್ಸ್ ಇದೆ, ಏನು ಮಾಡೋದು ಹೇಳಿ?