ಸಾಕು ಎನ್ನುವವಳು

“ಅವಳ ಕೈ ಕಟ್ಟಾಕು ರೇವಕ್ಕ. ಹಳೇ ಸೀರೆ ಹರ್ಕೊಡ್ತೀನಿ, ಕಂಬಕ್ಕೆ ಕಟ್ಟಾಕು.”

ಅಡುಗೆಯ ಮೀನಾಕ್ಷಮ್ಮ ಇದನ್ನು ಕೋಪಕ್ಕೆ ಹೇಳುತ್ತಿಲ್ಲ, ನೋಡಲಾರದೆ ಹೇಳುತ್ತಿದ್ದಾಳೆ. ಚನ್ನಪಟ್ಟಣದ ಪೇಟೆಯಾಚೆಗಿನ ಹಳೇ ಛತ್ರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಾಗಿಯ ಚಳಿ ಬೇರೆ. ಜಗಲಿಯ ಕಂಬಕ್ಕೊರಗಿ ಕೂತ ಮುದುಕಿ ಮಾರಕ್ಕನ ಬಲಗೈ ಗಾಳಿಯಲ್ಲಿ ಸುತ್ತುತ್ತಲೇ ಇದೆ. ಮೇಲೆ, ಮುಂದೆ, ಕೆಳಗೆ, ಮತ್ತೆ ಮೇಲೆ. ಅಲ್ಲಿ ಹಿಡಿಯೂ ಇಲ್ಲ, ಚಕ್ರವೂ ಇಲ್ಲ. ಭುಜ ಊದಿಕೊಂಡು ರವಿಕೆಯ ತೋಳು ಬಿಗಿದಿದೆ.

ರೇವಮ್ಮ ಬೆಚ್ಚಗಿನ ಹರಳೆಣ್ಣೆಯನ್ನು ಆ ಭುಜಕ್ಕೆ ತಿಕ್ಕುತ್ತಾಳೆ, ಕೈ ಸುತ್ತಿದ ಕಡೆಗೇ ತನ್ನ ಕೈಯನ್ನೂ ಸುತ್ತಿಸಿಕೊಂಡು. “ಕಟ್ಟಿದ್ರೆ ಒಳಗೊಳಗೇ ತಿರುಗುಸ್ತಾಳೆ ಕಣಮ್ಮಿ,” ಎನ್ನುತ್ತಾಳೆ. “ಅದುಕ್ಕೆ ಯಾವ ಹಗ್ಗ ಹಾಕ್ಲಿ?”

ರೇವಮ್ಮ ಬೈರಾಪಟ್ಟಣದವಳು. ವಯಸ್ಸು ಐವತ್ತರ ಆಸುಪಾಸು. ಕೆಲವು ವರ್ಷದ ಹಿಂದೆ ಊರೂರನ್ನೇ ಗುಡಿಸಿಕೊಂಡು ಹೋಯಿತಲ್ಲ ಆ ದೊಡ್ಡ ಜ್ವರ, ಅದರಲ್ಲಿ ಗಂಡನನ್ನೂ ಮಗಳನ್ನೂ ಮಣ್ಣು ಮಾಡಿ, ತಾನೂ ಜ್ವರ ಹೊತ್ತುಕೊಂಡು ಈ ಛತ್ರಕ್ಕೆ ಬಂದು ಬಿದ್ದಳು. ಜ್ವರ ಅವಳನ್ನು ಬಿಟ್ಟಿತು, ಅವಳು ಛತ್ರವನ್ನು ಬಿಡಲಿಲ್ಲ. ಅದೇ ಜ್ವರದಲ್ಲಿ ಮನೆಮಂದಿಯನ್ನೆಲ್ಲ ಕಳೆದುಕೊಂಡು, ಅರಳುಮರಳಾಗಿ ಬೀದಿಯಲ್ಲಿ ಅಲೆಯುತ್ತಿದ್ದ ಮುದುಕ ಮುದುಕಿಯರಿಗೆ ಪೇಟೆಯ ವರ್ತಕರು ಇಲ್ಲಿ ಗಂಜಿ ಹಾಕಿಸುತ್ತಾರೆ. ಗಂಜಿ ಹಾಕಿಸುವುದು ಅವರು. ಬಾಯಿಗೆ ಸೇರಿಸುವುದು ರೇವಮ್ಮ. ಕೋಳಿ ಕೂಗುವ ಮೊದಲೇ ಎದ್ದು ಒದ್ದೆ ಚಾಪೆ ತೊಳೆಯಬೇಕು, ನೀರು ಕಾಯಿಸಿ ಎಲ್ಲರ ಮೈ ಒರೆಸಬೇಕು, ತುತ್ತು ಕಟ್ಟಿ ಉಣ್ಣಿಸಬೇಕು, ಬೈಸಿಕೊಳ್ಳಬೇಕು, ಕಚ್ಚಿಸಿಕೊಳ್ಳಬೇಕು. ಊರವರು ಅವಳನ್ನು ‘ಹೇಲು ಬಾಚೋ ರೇವಿ’ ಎನ್ನುವುದುಂಟು. ಕೇಳಿದರೆ, “ಅನ್ಲಿ ಬುಡಿ, ಅವರ್ಗೂ ವಯಸ್ಸಾಯ್ತದೆ,” ಎನ್ನುತ್ತಾಳೆ.

ಇಲ್ಲಿರುವವರಿಗೆ ತಮ್ಮ ಹೆಸರು ನೆನಪಿಲ್ಲದಿದ್ದರೂ ಜೊತೆ ಬೇಕು. ಇದು ರೇವಮ್ಮ ಕಣ್ಣಾರೆ ಕಂಡ ಸತ್ಯ. ಮಾಗಡಿ ಕಡೆಯ ಇಬ್ಬರು ಅಜ್ಜಂದಿರು ದಿನಾ ಬೆಳಗಾದರೆ ಒಂದು ಎತ್ತಿನ ವ್ಯಾಪಾರಕ್ಕೆ ಕೂರುತ್ತಾರೆ. ಒಬ್ಬ ಮಾರುವವ, ಇನ್ನೊಬ್ಬ ಕೊಳ್ಳುವವ. ಆ ಎತ್ತು ಸತ್ತು ಎಷ್ಟು ಕಾಲವಾಯಿತೋ, ವ್ಯಾಪಾರ ಮಾತ್ರ ಇನ್ನೂ ಕುದುರಿಲ್ಲ. ಸಂಜೆಗೆ ಜಗಳವಾಡಿ ಮುಖ ತಿರುಗಿಸುತ್ತಾರೆ, ಬೆಳಗ್ಗೆಗೆ ಮರೆತು ಮತ್ತೆ ಎದುರುಬದುರು ಕೂರುತ್ತಾರೆ.

ಮಾರಕ್ಕನಿಗೆ ಜೊತೆಯಾಗಿದ್ದವಳು ಶರ್ಫುನ್ನೀಸಾ. ಪಟ್ಟಣದ ಸಾಬರ ಬೀದಿಯವಳು, ಹೊಟ್ಟೆಪಾಡಿಗೆ ರೇಷ್ಮೆ ನೂಲು ಬಿಚ್ಚುತ್ತಿದ್ದವಳು. ಮಾರಕ್ಕ ಹೊಂಗನೂರಿನವಳು, ಯಾರ ಯಾರದೋ ಮನೆಯಲ್ಲಿ ಚರಕ ತಿರುಗಿಸಿ ಬದುಕಿದವಳು. ಈ ಸೀಮೆಯಲ್ಲಿ ನೂಲು ಬಿಚ್ಚುವುದು ಒಬ್ಬರ ಕೆಲಸವಲ್ಲ. ಒಬ್ಬಳು ಕುದಿಯುವ ಬಾಣಲೆಯ ಮುಂದೆ ಕೂತು, ನೀರಲ್ಲಿ ತೇಲುವ ರೇಷ್ಮೆಗೂಡುಗಳಿಂದ ಎಳೆ ಹಿಡಿದು ಕೊಡಬೇಕು, ಇನ್ನೊಬ್ಬಳು ಚರಕ ತಿರುಗಿಸಬೇಕು. ಎಳೆ ಹರಿದರೆ ಬಾಣಲೆಯವಳು ‘ಸಾಕು’ ಎನ್ನುತ್ತಾಳೆ. ಅಲ್ಲಿಯವರೆಗೆ ತಿರುಗಿಸುವವಳು ಕೈ ನಿಲ್ಲಿಸುವಂತಿಲ್ಲ.

ಛತ್ರಕ್ಕೆ ಬಂದ ಹೊಸದರಲ್ಲಿ ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ ಅಳುತ್ತಿದ್ದರಂತೆ. ಒಂದು ದಿನ ಶರ್ಫುನ್ನೀಸಾಳ ಬೆರಳು ಗಾಳಿಯಲ್ಲಿ ಎಳೆ ಹುಡುಕುವುದನ್ನು ಮಾರಕ್ಕ ಕಂಡಳು. ಎದ್ದು ಹೋಗಿ ಎದುರಿಗೆ ಕೂತಳು, ಕೈ ತಿರುಗಿಸತೊಡಗಿದಳು. ಅಂದಿನಿಂದ ಅಳು ನಿಂತಿತು. ಇವಳ ಹೆಸರು ಅವಳಿಗೆ ಗೊತ್ತಿಲ್ಲ, ಅವಳ ಹೆಸರು ಇವಳಿಗೆ ಗೊತ್ತಿಲ್ಲ. ಹೊತ್ತು ನೆತ್ತಿಗೇರಿದಾಗ ಶರ್ಫುನ್ನೀಸಾ “ಬಸ್” ಎನ್ನುವಳು, ಸಾಕು ಅಂತ. ಮಾರಕ್ಕನ ಕೈ ಮಡಿಲಿಗಿಳಿಯುವುದು. ಇಬ್ಬರೂ ಉಣ್ಣುವರು.

ಅವರ ಆಟ ನೋಡಿ ಮನಸ್ಸು ತುಂಬಿದ ರೇವಮ್ಮ ಒಂದು ದಿನ ಮಣ್ಣಿನ ಬಾನಿಯಲ್ಲಿ ತಣ್ಣೀರು ತುಂಬಿ ಶರ್ಫುನ್ನೀಸಾಳ ಮುಂದಿಟ್ಟಳು. ಮುದುಕಿ ಬೆರಳದ್ದಿ ಮುಖ ಸಿಂಡರಿಸಿದಳು. ತಣ್ಣೀರಲ್ಲಿ ಯಾವ ಗೂಡು ನೂಲು ಬಿಟ್ಟೀತು? ಎದ್ದು, ಕಾದ ನೀರು ಹುಡುಕಿಕೊಂಡು ನೇರ ಅಡುಗೆಮನೆಗೆ ನಡೆದಳು. ಅಲ್ಲಿ ಒಲೆಯ ಮೇಲಿನ ಹಂಡೆಯಲ್ಲಿ ಹಿತಕಿದ ಅವರೆಕಾಳು ಕುದಿಯುತ್ತ, ಬಾಣಲೆಯ ಗೂಡುಗಳಂತೆ ಬೆಳ್ಳಗೆ ತೇಲುತ್ತಿದ್ದವು. ಮೀನಾಕ್ಷಮ್ಮ ಕೂಗುವಷ್ಟರಲ್ಲಿ ಮುದುಕಿಯ ಬಲಗೈ ಮಣಿಕಟ್ಟಿನವರೆಗೂ ಒಳಗಿತ್ತು.

ಆ ಹಂಡೆಯ ಸಾರನ್ನು ಹಿತ್ತಲಿಗೆ ಸುರಿದದ್ದಾಯಿತು. ಛತ್ರವೆಲ್ಲ ಅಂದು ಹಸಿದು ಮಲಗಿತು. ಸಾಬರವಳು ಅಡುಗೆಮನೆ ಹೊಕ್ಕು ಹಂಡೆಗೇ ಕೈಯಿಟ್ಟಳೆಂದು ಸುದ್ದಿ ಪೇಟೆಗೆ ಹೋಯಿತು, ರಾಗಿ ಕೊಡುವ ವರ್ತಕರು ಗುಡುಗಿದರು. ಛತ್ರದ ಉಸ್ತುವಾರಿಯ ಪಾರುಪತ್ತೇದಾರ ವೀರಭದ್ರಯ್ಯ ಶರ್ಫುನ್ನೀಸಾಳನ್ನು ಹಿತ್ತಲ ಸೌದೆ ಕೋಣೆಗೆ ಹಾಕಿಸಿ ಅಗಳಿ ಜಡಿಸಿದರು. ಇದಾಗಿ ನಾಲ್ಕು ದಿನ, ಅಂದಿನಿಂದ ಮಾರಕ್ಕನ ಕೈ ನಿಂತಿಲ್ಲ. ನಿದ್ದೆ ಬಂದು ತಲೆ ವಾಲಿದಾಗ ಕೈಯೂ ವಾಲುತ್ತದೆ, ಎಚ್ಚರವಾದೊಡನೆ ಮತ್ತೆ ಶುರು. ರೇವಮ್ಮ ತಾನೇ ಎದುರು ಕೂತು ಬೆರಳಾಡಿಸಿದ್ದಾಳೆ, “ಬಸ್” ಎಂದೂ ನೋಡಿದ್ದಾಳೆ. ಮಾರಕ್ಕ ಅವಳ ಮುಖವನ್ನೊಮ್ಮೆ ದಿಟ್ಟಿಸಿ, ಕೆಲಸ ಬಾರದವಳನ್ನು ನೋಡುವ ಹಾಗೆ ನೋಡಿ, ಕೈ ಮುಂದುವರಿಸುತ್ತಾಳೆ. ಬಾಯಿಗಿಟ್ಟ ತುತ್ತು ಹಾಗೇ ಹೊರಗೆ ಬರುತ್ತದೆ. ಕೆಲಸದ ನಡುವೆ ಉಣ್ಣುವುದುಂಟೆ? ಈಗ ಮಾರಕ್ಕನ ಕೆನ್ನೆಯ ಮೂಳೆ ಎದ್ದು ಕಾಣುತ್ತಿದೆ. ಹೀಗೇ ಇನ್ನು ಕೆಲವು ದಿನ ಹೋದರೆ ಅವಳು ಉಳಿಯುವುದಿಲ್ಲ.

ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು ರೇವಮ್ಮ ಪಾರುಪತ್ತೇದಾರರ ಮುಂದೆ ಹೋಗಿ ನಿಲ್ಲುತ್ತಾಳೆ. ವೀರಭದ್ರಯ್ಯ ಕೆಟ್ಟವರಲ್ಲ, ಹೆದರಿದವರು. ವರ್ತಕರು ಕೈಬಿಟ್ಟರೆ ಇಷ್ಟು ಹೊಟ್ಟೆಗೆ ಎಲ್ಲಿಂದ ತರಲಿ ಎಂದು ಅವರು ಕೇಳುವುದೂ ಸುಳ್ಳಲ್ಲ.

“ಅಗಳಿ ತೆಗೀರಿ ಬುದ್ಧಿ. ಇಲ್ದಿದ್ರೆ ಮಾರಕ್ಕ ಸಾಯ್ತಾಳೆ.”

“ಮತ್ತೆ ಅಡುಗೆಮನೆಗೆ ನುಗ್ಗಿದ್ರೆ?”

“ಬಾಗಿಲಿಗೆ ಅಡ್ಡ ನಾನ್ ಕೂತ್ಕತೀನಿ.”

“ನೀನು ಕೂತ್ರೆ ಮಿಕ್ಕೋರನ್ನ ನೋಡೋರು ಯಾರು? ಇನ್ನೊಂದ್ಸಲ ಹಂಗಾದ್ರೆ ಅವಳ ಜೊತೆಗೆ ನೀನೂ ಬೀದಿಗೆ, ತಿಳ್ಕೊ.”

“ಆಯ್ತು,” ಎನ್ನುತ್ತಾಳೆ ರೇವಮ್ಮ. ಬೀದಿಗೆ ಬಿದ್ದರೆ ಅವಳಿಗೆ ಬೈರಾಪಟ್ಟಣದಲ್ಲಿ ಒಂದು ಗೋಡೆಯೂ ಉಳಿದಿಲ್ಲ. ಅದು ವೀರಭದ್ರಯ್ಯನವರಿಗೂ ಗೊತ್ತು.

ಸೌದೆ ಕೋಣೆಯ ಬಾಗಿಲು ತೆಗೆದರೆ ಮೊದಲು ಬರುವುದು ವಾಸನೆ. ಬಾಳೆ ಎಲೆ ಸುತ್ತಿದ ಬಲಗೈಯ ಬೆರಳು ಕಪ್ಪಗಾಗಿವೆ. ನೆನ್ನೆ ಬಂದಿದ್ದ ಆಸ್ಪತ್ರೆಯ ಕಂಪೌಂಡರು ಎಣ್ಣೆ ಹಚ್ಚಿ, ನಂಜು ಮೇಲೇರಿದೆ, ಇನ್ನು ಕೆಲವೇ ದಿನ ಎಂದು ಹೇಳಿಹೋಗಿದ್ದಾರೆ. ಮೈ ಕೆಂಡದಂತೆ ಸುಡುತ್ತಿದೆ. ರೇವಮ್ಮ ಮುದುಕಿಯನ್ನು ಮಗುವಿನಂತೆ ಎತ್ತಿ ತಂದು ಮಾರಕ್ಕನ ಎದುರು ಕಂಬಳಿಯ ಮೇಲೆ ಒರಗಿಸುತ್ತಾಳೆ.

ಶರ್ಫುನ್ನೀಸಾಳ ಕಣ್ಣು ಮಾಡಿನ ಕಡೆಗಿದೆ. ಮಾರಕ್ಕ ತಿರುಗಿಸುತ್ತಲೇ ಇದ್ದಾಳೆ. ಬಿಸಿಲು ಜಗಲಿಯ ಅಂಚಿಗೆ ಬರುತ್ತದೆ. ಅಡುಗೆಮನೆಯ ಬಾಗಿಲು ಎಳೆದುಕೊಂಡು ಬಂದ ಮೀನಾಕ್ಷಮ್ಮ ಮುದ್ದೆಯ ತಟ್ಟೆ ಹಿಡಿದು ನಿಂತೇ ಇದ್ದಾಳೆ. ಆಮೇಲೆ ಶರ್ಫುನ್ನೀಸಾಳ ಎಡಗೈಯ ಬೆರಳೆರಡು ಕಂಬಳಿಯ ಮೇಲೆ ಏನನ್ನೋ ತಡಕುತ್ತವೆ, ಸಿಗದೆ ನಿಲ್ಲುತ್ತವೆ.

“ಬಸ್,” ಎನ್ನುತ್ತಾಳೆ ಶರ್ಫುನ್ನೀಸಾ. ಗಾಳಿಗಿಂತ ಸಣ್ಣ ದನಿ.

ಮಾರಕ್ಕನ ಕೈ ಮಡಿಲಿಗೆ ಬೀಳುತ್ತದೆ. ರೇವಮ್ಮ ತಡಮಾಡದೆ ತುತ್ತು ಮುರಿದು ಬಾಯಿಗಿಡುತ್ತಾಳೆ. ಮಾರಕ್ಕ ನುಂಗುತ್ತಾಳೆ, ಇನ್ನೊಂದಕ್ಕೆ ಬಾಯಿ ತೆರೆಯುತ್ತಾಳೆ.

ಮೀನಾಕ್ಷಮ್ಮ ಶರ್ಫುನ್ನೀಸಾಳ ಕಡೆ ನೋಡುತ್ತ ಮೆಲ್ಲಗೆ, “ಈವಮ್ಮ ಹೋದ್ಮೇಲೆ ಏನ್ ಮಾಡ್ತೀಯ ರೇವಕ್ಕ?” ಎಂದು ಕೇಳುತ್ತಾಳೆ.

“ದೇವರ್ನ ಒಂದೇ ಕೇಳ್ಕತೀನಿ ಕಣಮ್ಮಿ. ಕರ್ಕೊಳದಾದ್ರೆ ಇಬ್ರನ್ನೂ ಒಟ್ಗೆ ಕರ್ಕೊಳ್ಳಿ. ಇವಳ್ನ ಒಬ್ಳನ್ನೇ ತಿರುಗುಸ್ತಾ ಬುಟ್ಬುಡದು ಬ್ಯಾಡ.”

ಅಷ್ಟರಲ್ಲಿ ಮಾರಕ್ಕ ತಾನೇ ತಟ್ಟೆಗೆ ಕೈಹಾಕಿ ಒಂದು ತುತ್ತು ಮುರಿದು, ಸಾರಿನಲ್ಲದ್ದಿ, ಎದುರಿನವಳ ತುಟಿಯ ಹತ್ತಿರ ಹಿಡಿಯುತ್ತಾಳೆ. ಶರ್ಫುನ್ನೀಸಾ ಬಾಯಿ ತೆರೆಯುವುದಿಲ್ಲ. ಮಾರಕ್ಕ ಕೈ ಹಿಂದೆಗೆಯುವುದಿಲ್ಲ. ಸಾರು ಅವಳ ಮಣಿಕಟ್ಟಿನಿಂದ ಮೊಣಕೈವರೆಗೂ ಇಳಿದು ಕಂಬಳಿಯ ಮೇಲೆ ತೊಟ್ಟಿಕ್ಕುತ್ತದೆ. ರೇವಮ್ಮ ಆ ಊದಿದ ತೋಳಿನ ಕೆಳಗೆ ತನ್ನ ಅಂಗೈಯ ಆಸರೆ ಕೊಟ್ಟು, ಹಾಗೇ ಹಿಡಿದುಕೊಳ್ಳುತ್ತಾಳೆ.