ಶೇಂಗಾ ಚಟ್ನಿ ಮನೆತನದ ಸೊಸೆ

ಸೋಲಾಪುರದ ವಿಜಾಪುರ ರಸ್ತೆಯ ಸಾರಿಕಾ ಮದುವೆ ಮನೆಗಳಿಗೆ ತನ್ನದೇ ಊಟದ ಡಬ್ಬಿ ಕಟ್ಟಿಕೊಂಡು ಬರುವುದನ್ನು ನೋಡಿ, ಈಕೆ ಭಾರಿ ಮಡಿವಂತೆ ಎಂದು ಇದನ್ನು ಬರೆಯುತ್ತಿರುವವನು ಒಂದು ಕಾಲಕ್ಕೆ ತಿಳಿದಿದ್ದ. ತಿಳಿದು ಸುಮ್ಮನೆ ಇರಲಿಲ್ಲ. ಪಂಕ್ತಿಯಲ್ಲಿ ಎಡಬಲಕ್ಕೆ ಕೂತವರಿಗೆ ಇಂಥ ಸೊಸೆಯಂದಿರ ಸ್ವಭಾವವನ್ನು ಜಿಲೇಬಿ ಬರುವ ತನಕ ವಿವರಿಸಿದ್ದ. ಎದುರಿನ ಸಾಲಿನಲ್ಲಿ ಅವಳು ಮಗಳ ತಟ್ಟೆಗೆ ಅಂಗೈ ಅಡ್ಡ ಹಿಡಿದು ಕೂತಿದ್ದಳು, ಬಡಿಸುವವರ ಸೌಟಿನಿಂದ ಒಂದು ಹನಿಯೂ ಬೀಳದ ಹಾಗೆ. ಆ ಕೈ ಯಾಕೆ ಅಡ್ಡ ಇತ್ತು ಎಂದು ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ.

ಸಾರಿಕಾ ಮಂದ್ರೂಪದ ರೈತರ ಮಗಳು. ಮೂರು ವರ್ಷ ಎಸ್.ಟಿ. ಬಸ್ಸಿನ ಕಂಬಿಗೆ ಜೋತುಬಿದ್ದು ಸೋಲಾಪುರಕ್ಕೆ ಓಡಾಡಿ ಬಿ.ಕಾಂ. ಮುಗಿಸಿದವಳು. ಅವಳನ್ನು ಕೊಟ್ಟದ್ದು ಶೇಂಗಾ ಚಟ್ನಿ ಮಾಡಿ ಮಾರುವ ಮನೆತನಕ್ಕೆ. ಹಿತ್ತಲಲ್ಲೇ ಶೇಂಗಾ ಹುರಿಯುವ ಭಟ್ಟಿ, ಅದರ ಪಕ್ಕಕ್ಕೆ ಖಾರ ಬೆಳ್ಳುಳ್ಳಿ ಸೇರಿಸಿ ಕುಟ್ಟುವ ಉಖಳ. ಬದನೆಕಾಯಿ ಎಣ್ಣೆಗಾಯಿಗೆ ಶೇಂಗಾ ಹಿಟ್ಟು, ಹೋಳಿಗೆಯ ಹೂರಣಕ್ಕೆ ಶೇಂಗಾ, ಒಗ್ಗರಣೆಗೆ ಶೇಂಗಾ ಎಣ್ಣೆ. ಗಂಡ ಗುರುಶಾಂತ ಅಂಗಡಿ ನೋಡಿಕೊಳ್ಳುತ್ತಿದ್ದ. ಮಾವ ಸಾತಲಿಂಗಪ್ಪನವರು ಇಡೀ ಓಣಿಯನ್ನೇ ನೋಡಿಕೊಳ್ಳುತ್ತಿದ್ದರು. ಯಾರ ಮನೆಯಲ್ಲಿ ಯಾರು ಸೀನಿದರೂ ಅವರ ಸಲಹೆ ಕರೆಯದೆಯೇ ಹಾಜರಾಗುತ್ತಿತ್ತು.

ಆ ಮನೆಯಲ್ಲಿ ಒಂದು ವಾಡಿಕೆ ಇತ್ತು. ಮಗುವಿಗೆ ಮೊದಲ ಸಲ ಅನ್ನ ಮುಟ್ಟಿಸುವ ದಿನ ಹಿರಿಯರು ಮನೆಯ ಮಾಲನ್ನು ಬೆರಳ ತುದಿಯಲ್ಲಿ ತೆಗೆದು ಅದರ ನಾಲಿಗೆಗೆ ಹಚ್ಚಬೇಕು. ಪ್ರಣಿತಾಳಿಗೆ ಆಗ ಎಂಟು ತಿಂಗಳು. ಖಾರ ತಡೆಯಲಿಕ್ಕಿಲ್ಲ ಎಂದು ಸಾತಲಿಂಗಪ್ಪನವರು ಬರೀ ಶೇಂಗಾ ಹಿಟ್ಟು ಹಚ್ಚಿದರು. ನೆಂಟರು ಚಪ್ಪಾಳೆ ತಟ್ಟಿ ಮುಗಿಸುವುದರೊಳಗೆ ಕೂಸಿನ ತುಟಿ ಬಾತವು, ಮೈಮೇಲೆ ಗಂಧೆಗಳೆದ್ದವು, ಉಸಿರಿಗೆ ಸಿಳ್ಳಿನಂಥ ಸದ್ದು ಸೇರಿತು. ದೃಷ್ಟಿ ತಾಗಿದೆ ಎಂದು ಯಾರೋ ಉಪ್ಪು ಮೆಣಸಿನಕಾಯಿ ಹುಡುಕಲು ಒಳಗೆ ಹೋದರು. ಸಾರಿಕಾ ಕೂಸನ್ನೆತ್ತಿಕೊಂಡು ಬರಿಗಾಲಲ್ಲಿ ರಿಕ್ಷಾ ಹತ್ತಿದಳು.

ಕೂಸು ಉಳಿಯಿತು. ಡಾಕ್ಟರು ತಿಳಿಸಿ ಹೇಳಿದರು: ಎಲ್ಲರ ಮೈಯಲ್ಲೂ ರೋಗದ ಜೊತೆ ಕಾದಾಡುವ ಒಂದು ಕಾವಲು ಇರುತ್ತದೆ. ಈ ಹುಡುಗಿಯ ಕಾವಲು ಶೇಂಗಾವನ್ನೇ ವೈರಿ ಎಂದು ತಿಳಿದಿದೆ, ಮತ್ತು ಆ ಕಾಳಗ ನಡೆಯುವುದು ಅವಳದೇ ಗಂಟಲಲ್ಲಿ. ಮುಂದಿನ ಸಲ ಇದಕ್ಕಿಂತ ಜೋರಾಗಬಹುದು. ಹಾಗಂದು ಔಷಧಿ ತುಂಬಿದ ಎರಡು ಗಾಜಿನ ಆಂಪೂಲು, ಒಂದು ಸಿರಿಂಜು ಕೊಟ್ಟು, ಎಲ್ಲಿಯವರೆಗೆ ಔಷಧಿ ಎಳೆಯಬೇಕೆಂದು ಸಿರಿಂಜಿನ ಮೇಲೆ ಮಾರ್ಕರಿನಿಂದ ಗೆರೆ ಹಾಕಿ, ತೊಡೆಗೆ ಚುಚ್ಚುವುದನ್ನು ತೋರಿಸಿದರು. ಅಲ್ಲಿಯ ಆಹಾರತಜ್ಞೆ ಒಂದು ಪಟ್ಟಿ ಬರೆದುಕೊಟ್ಟಳು: ಜೋಳದ ರೊಟ್ಟಿ, ಹಾಲು, ಮೊಸರು, ತೊಗರಿಬೇಳೆ, ಸೊಪ್ಪು. ಇವು ಹುಡುಗಿಯನ್ನು ಬೆಳೆಸುತ್ತವೆ, ಅಲರ್ಜಿಯನ್ನು ಓಡಿಸುವುದಿಲ್ಲ ಎಂದೂ ಹೇಳಿದಳು. ಪಟ್ಟಿಯನ್ನು ಮನೆಯವರೆಲ್ಲ ಓದಿದರು. ಕೊನೆಯ ಮಾತನ್ನು ಕೇಳಿಸಿಕೊಂಡವಳು ಸಾರಿಕಾ ಒಬ್ಬಳೇ.

ಅಲ್ಲಿಂದ ಅವಳ ಬದುಕು ಬೇರೆಯಾಯಿತು. ಮಾಳಿಗೆಯ ಮೇಲೆ ಬೇರೆ ಅಡುಗೆಮನೆ ಮಾಡಿಕೊಂಡಳು. ಶೇಂಗಾ ಎಣ್ಣೆಯ ಜಾಗಕ್ಕೆ ಕುಸುಬಿ ಎಣ್ಣೆ ಬಂತು. ಪಲ್ಯಕ್ಕೆ ಪುಟಾಣಿ ಹಿಟ್ಟು ಬಂತು. ಗಂಡ ಅಂಗಡಿಯಿಂದ ಬಂದರೆ ಬಚ್ಚಲಿಗೆ ಹೋಗಿ ಅಂಗಿ ಬದಲಿಸದೆ ಮಗಳನ್ನು ಮುಟ್ಟುವಂತಿರಲಿಲ್ಲ. ಮಗಳು ಬೆಳೆದಂತೆ ಡಾಕ್ಟರು ಹಳೆಯ ಆಂಪೂಲು ವಾಪಸು ಪಡೆದು ಹೊಸವನ್ನೂ ಹೊಸ ಗೆರೆಯ ಸಿರಿಂಜನ್ನೂ ಕೊಡುತ್ತಿದ್ದರು. ತಿಂಗಳಿಗೊಮ್ಮೆ ಹಳೆಯ ಸಿರಿಂಜಿನಲ್ಲಿ ನೀರು ತುಂಬಿ ಬದನೆಕಾಯಿಗೆ ಚುಚ್ಚಿ ಕೈ ಪಳಗಿಸುತ್ತಿದ್ದಳು. ಆಮೇಲೆ ಅದೇ ಬದನೆಕಾಯಿಯ ಪಲ್ಯವಾಗುತ್ತಿತ್ತು. ಇಂಜೆಕ್ಷನ್ನಿನ ಪಲ್ಯ ಎಂದು ಗುರುಶಾಂತ ನಗಿಸಲು ನೋಡುತ್ತಿದ್ದ. ಅವಳಿಗೆ ನಗು ಬರುತ್ತಿರಲಿಲ್ಲ. ಶಾಲೆಯಲ್ಲಿ ಯಾವ ಮಗುವಿನ ಹುಟ್ಟುಹಬ್ಬ, ಯಾರು ಚಿಕ್ಕಿ ಹಂಚುತ್ತಾರೆ, ಬಸ್ಸಿನಲ್ಲಿ ಪಕ್ಕದ ಸೀಟಿನವರು ಏನು ತಿಂದು ಕೈ ಒರೆಸಿದರು ಎಂಬ ಲೆಕ್ಕದಲ್ಲೇ ಅವಳ ಒಂಬತ್ತು ವರ್ಷ ಕಳೆದವು. ಫೋನಿನಲ್ಲಿ ಶಾಲೆಯ ನಂಬರು ಕಂಡರೆ ಸಾಕು, ಆ ಕಡೆಯವರು ಮಾತಾಡುವ ಮೊದಲೇ ಚಪ್ಪಲಿ ಮೆಟ್ಟಿರುತ್ತಿದ್ದಳು.

ಊರಿನ ಜನ ಒಳ್ಳೆಯವರು, ಅದೇ ತೊಂದರೆ. ಹುಡುಗಿಗೆ ಶಕ್ತಿ ಕಡಿಮೆ ಎಂದು ಎಲ್ಲರೂ ತೀರ್ಮಾನಿಸಿದ್ದರು. ಒಬ್ಬರು ಅಮೃತಬಳ್ಳಿಯ ಕಷಾಯ ತಂದರು, ಇನ್ನೊಬ್ಬರು ಮಂಗಳವೇಢೆಯ ವೈದ್ಯರ ಲೇಹ್ಯ, ಮತ್ತೊಬ್ಬರು ಯಾವುದೋ ಬೀಜಗಳ ಉಂಡೆ. ಸಾರಿಕಾ ಎಲ್ಲವನ್ನೂ ನಗುನಗುತ್ತ ತೆಗೆದುಕೊಂಡು ಕಪಾಟಿನ ಮೇಲಿನ ಅರೆಗೆ ಸೇರಿಸುತ್ತಿದ್ದಳು. ಹನ್ನೊಂದು ಡಬ್ಬಿಗಳಾದವು. ಮುಚ್ಚಳ ತೆಗೆಯದ ತಾಯಿಗೆ ಸೊಕ್ಕು ಎಂಬ ಹೆಸರು ಬಂತು.

ಸಾತಲಿಂಗಪ್ಪನವರು ಹನ್ನೆರಡನೆಯದನ್ನು ತಂದರು. ಹೋಟೆಲೊಂದರ ಸಭಾಂಗಣದಲ್ಲಿ ರೋಗನಿರೋಧಕ ಶಕ್ತಿಯ ಬಗ್ಗೆ ಒಂದು ಕಾರ್ಯಕ್ರಮ ನಡೆದಿತ್ತು. ಬೆಳಗ್ಗೆ ಅಲ್ಲಿಗೆ ಚಟ್ನಿ ವ್ಯಾಪಾರಿಯಾಗಿ ಹೋದವರು ಸಂಜೆ ಆರೋಗ್ಯ ಸಲಹೆಗಾರರಾಗಿ ಮರಳಿದರು. ಎದೆಯ ಮೇಲೆ ಹಸಿರು ಬಿಲ್ಲೆ, ಕೈಯಲ್ಲಿ ದೊಡ್ಡದೊಂದು ಪುಡಿಯ ಡಬ್ಬಿ. ಆ ಬಿಲ್ಲೆ ಮುಂದಿನ ಕೆಲವು ದಿನ ಅಂಗಿಯಿಂದ ಅಂಗಿಗೆ ಬದಲಾಯಿತೇ ಹೊರತು ಎದೆಯಿಂದ ಇಳಿಯಲಿಲ್ಲ. ದಿನಾ ಎರಡು ಚಮಚ ಹಾಲಿನಲ್ಲಿ ಕೊಟ್ಟರೆ ಆರು ತಿಂಗಳಲ್ಲಿ ಪ್ರಣಿತಾ ಮುಷ್ಟಿ ತುಂಬ ಶೇಂಗಾ ತಿನ್ನುತ್ತಾಳೆ ಎಂದರು.

ಸಾರಿಕಾ ಡಬ್ಬಿಯ ಮೇಲಿನ ಬರಹವನ್ನು ಅಕ್ಷರ ಬಿಡದೆ ಓದಿದಳು. ಶೇಂಗಾ ಇರಲಿಲ್ಲ. ಆದರೂ ಡಾಕ್ಟರನ್ನು ಕೇಳದೆ ಕೊಡುವುದಿಲ್ಲ ಎಂದಳು.

“ಓದಿದಿ ಹೌದಲ್ಲ? ಏನೂ ಇಲ್ಲ ಹೌದಲ್ಲ?” ಎಂದರು ಮಾವ. “ಮತ್ಯಾಕ ಅಡ್ಡ ಬರ್ತೀ? ಅಕಿಗಿ ಶಕ್ತಿ ಬರೂದು ನಿನಗ ಬ್ಯಾಡೇನು?”

“ಅಕಿ ಶಕ್ತೀನೇ ಅಕಿ ಮ್ಯಾಲ ತಿರಗಿ ಬೀಳತದ್ರಿ, ಮಾಮಾ. ಅದನ್ನ ಹೆಚ್ಚ ಮಾಡಿ ನಾ ಏನ್ ಮಾಡ್ಲಿ?”

ಅವರಿಗೆ ಇದು ಮಾತಿಗೆ ಮಾತು ಎನಿಸಿತು. ಎರಡು ದಿನ ಸೊಸೆಯ ಜೊತೆ ಮಾತು ಬಿಟ್ಟರು. ಡಬ್ಬಿಯನ್ನು ಮಾತ್ರ ಬಿಡಲಿಲ್ಲ.

ಆ ವಾರವೇ ಅಕ್ಕಲಕೋಟೆಯಲ್ಲಿ ಸಾತಲಿಂಗಪ್ಪನವರ ತಂಗಿ ಗಿರಿಜಾಬಾಯಿಯ ಮೊಮ್ಮಗನ ತೊಟ್ಟಿಲ ಕಾರ್ಯ. ಗುರುಶಾಂತ ಅಂಗಡಿ ಬಿಡುವಂತಿರಲಿಲ್ಲ. ಸಾರಿಕಾ ಮಗಳ ಊಟದ ಡಬ್ಬಿ, ನೀರಿನ ಬಾಟಲಿ, ಆಂಪೂಲಿನ ಪುಟ್ಟ ಚೀಲ ತೆಗೆದುಕೊಂಡು, ಮಗಳನ್ನೂ ಕರೆದುಕೊಂಡು ಮಾವನ ಜೊತೆ ಹೋದಳು. ಮಧ್ಯಾಹ್ನ ಕೂಸಿಗೆ ಹೆಸರಿಟ್ಟಾದ ಮೇಲೆ ತವರುಮನೆಯ ಸೊಸೆ ಎಂದು ಗಿರಿಜಾಬಾಯಿ ಅವಳನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಲು ಶುರು ಮಾಡಿದಳು. ಐದು ಮಂದಿ ಮುತ್ತೈದೆಯರು ಸರದಿಯಂತೆ ಸೆರಗಿಗೆ ಅಕ್ಕಿ, ಉತ್ತತ್ತಿ, ಬೆಲ್ಲ, ತೆಂಗಿನಕಾಯಿ, ಕುಪ್ಪಸದ ಖಣ ಹಾಕುವ ತನಕ ಕೂತವಳು ಏಳಬಾರದು. ಎದ್ದರೆ ತೊಟ್ಟಿಲ ಕೂಸಿಗೆ ಒಳ್ಳೆಯದಲ್ಲ ಎಂಬ ನಂಬಿಕೆ.

ಅಡುಗೆಮನೆಯಿಂದ ಮಾವನ ಧ್ವನಿ ಕೇಳುತ್ತಿತ್ತು. ನಾಲ್ಕು ಜನ ಸಿಕ್ಕಿದ್ದರು, ಪುಡಿಯ ಡಬ್ಬಿ ಹೊರಬಂದಿತ್ತು, ಸಭೆ ನಡೆದಿತ್ತು. ಮೂರನೆಯ ಮುತ್ತೈದೆ ಅಕ್ಕಿ ಹಾಕುತ್ತಿರುವಾಗ ಸಾರಿಕಾಳಿಗೆ ಕೇಳಿಸಿದ್ದು ಇದು: “ಕುಡಿಯವ್ವಾ ಬಂಗಾರಾ, ನಿಮ್ಮ ಮಮ್ಮಿ ಪೂರಾ ಓದ್ಯಾಳ, ಇದರಾಗ ಏನೂ ಇಲ್ಲ.”

ಅದು ಸುಳ್ಳಾಗಿರಲಿಲ್ಲ. ಹಾಗಾಗಿಯೇ ಪ್ರಣಿತಾ ಕುಡಿದಳು. ಬೇರೆಯವರು ಏನು ಕೊಟ್ಟರೂ ಮಮ್ಮಿ ಓದಿದ್ದಾಳೆಯೇ ಎಂದು ಕೇಳಲು ಕಲಿತ ಹುಡುಗಿ ಅವಳು.

ಸಾರಿಕಾ ಏಳಲು ನೋಡಿದಳು. ಹೆಂಗಸರು ಹೆಗಲು ಹಿಡಿದು ಕೂರಿಸಿದರು. ಇನ್ನಿಬ್ಬರು ಉಳಿದಿದ್ದಾರೆ, ಅಂಥ ಅವಸರ ಏನು ಎಂದರು. ಪುಡಿಯಲ್ಲಿ ಏನೂ ಇಲ್ಲ, ತಾನೇ ಓದಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡು ಒಂದು ಗಳಿಗೆ ಕೂತಳು. ಆ ಒಂದು ಗಳಿಗೆಯನ್ನು ಅವಳು ಇವತ್ತಿಗೂ ತನಗೆ ಕ್ಷಮಿಸಿಲ್ಲ.

ಪ್ರಣಿತಾ ಬಾಗಿಲಲ್ಲಿ ಬಂದು ನಿಂತಳು. ಕುತ್ತಿಗೆ ಕೆರೆದುಕೊಳ್ಳುತ್ತಿದ್ದಳು. “ಮಮ್ಮಿ, ನಾಲಗಿ ಕಡ್ಯಾಕತ್ತದ.”

ಸಾರಿಕಾ ಎದ್ದಳು. ಅಕ್ಕಿ, ಬೆಲ್ಲ, ಉತ್ತತ್ತಿ ನೆಲದ ತುಂಬ ಚೆಲ್ಲಿದವು, ತೆಂಗಿನಕಾಯಿ ತೊಟ್ಟಿಲ ಕೆಳಗೆ ಉರುಳಿತು. ಅವಳು ಅಕ್ಕಿಯ ಮೇಲೆಯೇ ಕಾಲಿಟ್ಟು ಹೋಗಿ ಮಗಳನ್ನು ಚಾಪೆಯ ಮೇಲೆ ಮಲಗಿಸಿದಳು. ಅಷ್ಟರಲ್ಲಿ ತುಟಿ ಬಾತಿದ್ದವು, ಧ್ವನಿ ಗೊಗ್ಗರಾಗಿತ್ತು. ಚೀಲ ಬಿಚ್ಚಿ ಮೊದಲ ಆಂಪೂಲಿನ ಕುತ್ತಿಗೆ ಮುರಿಯಲು ಹೋದರೆ ಅದು ಬೆರಳ ನಡುವೆ ಪುಡಿಯಾಯಿತು. ಔಷಧಿ ಚಾಪೆ ಸೇರಿತು, ಬೆರಳಿಂದ ರಕ್ತ ಇಳಿಯಿತು. ಒಂಬತ್ತು ವರ್ಷ ಬದನೆಕಾಯಿಗೆ ಚುಚ್ಚಿದ್ದಳು. ಗಾಜು ಮುರಿಯುವುದನ್ನು ಒಮ್ಮೆಯೂ ಕಲಿತಿರಲಿಲ್ಲ. ಔಷಧಿ ದಂಡವಾಗುತ್ತದಲ್ಲ.

ಉಳಿದದ್ದು ಒಂದೇ ಆಂಪೂಲು. ಹುಡುಗಿಯನ್ನು ಎಬ್ಬಿಸಿ ಕೂರಿಸಿ, ಲಿಂಬೆಹುಳಿ ಕುಡಿಸಿ, ಗಾಳಿ ಬಿಡಿ ಎಂದು ಮಾವ ಮೇಲಿಂದ ಸಲಹೆ ಕೊಡುತ್ತಲೇ ಇದ್ದರು. ಸಾರಿಕಾ ಎರಡನೆಯದನ್ನು ಸೆರಗಿನ ತುದಿಯಲ್ಲಿ ಸುತ್ತಿ ಹಿಡಿದು ಮುರಿದಳು. ಈ ಸಲ ಸರಿಯಾಗಿ ಮುರಿಯಿತು. ಗೆರೆಯವರೆಗೆ ಎಳೆದು, ಮಗಳ ತೊಡೆಗೆ ಚುಚ್ಚಿ, ಅಲ್ಲಿಯೇ ಒತ್ತಿ ಹಿಡಿದು ಕೂತಳು. ಮಗಳ ಉಸಿರಿನ ಸಿಳ್ಳೆಗೆ ಕಿವಿ ಕೊಟ್ಟಳು. ಆ ಸಿಳ್ಳೆ ನಿಂತರೆ ಅದು ಗುಣವೋ, ಕೊನೆಯೋ, ಅದೂ ಅವಳಿಗೆ ತಿಳಿಯುವಂತಿರಲಿಲ್ಲ. ಯಾರದೋ ಕಾರು ಬಂತು. ಸೋಲಾಪುರದವರೆಗೆ ಹೋಗುವ ಮಾತೇ ಇರಲಿಲ್ಲ. ಊರಿನಲ್ಲೇ ಹತ್ತಿರವಿದ್ದ ದವಾಖಾನೆಗೆ ಒಯ್ದರು.

ಅಲ್ಲಿ ಇನ್ನೊಂದು ಇಂಜೆಕ್ಷನ್ ಕೊಟ್ಟು, ಆಮ್ಲಜನಕ ಹಚ್ಚಿ, ಸಲೈನ್ ಏರಿಸಿದರು. ಏನು ತಿಂದಳು ಎಂದು ಡಾಕ್ಟರು ಕೇಳಿದಾಗ ಸಾತಲಿಂಗಪ್ಪನವರು ಡಬ್ಬಿಯನ್ನು ಮುಂದೆ ಹಿಡಿದರು. ಡಾಕ್ಟರು ತಿರುಗಿಸಿ ನೋಡಿದರು. ಬಾರ್ಲಿ, ಸಕ್ಕರೆ, ಹಾಲಿನ ಪುಡಿ. ಇದರಲ್ಲಿ ಶೇಂಗಾ ಕಾಣುವುದಿಲ್ಲವಲ್ಲ ಎಂದರು. ಮಾವ ಎದೆಯ ಬಿಲ್ಲೆಯನ್ನು ನೆಟ್ಟಗೆ ಮಾಡಿಕೊಂಡು ಸೊಸೆಯ ಕಡೆ ತಿರುಗಿದರು. ಏನೋ ಹೇಳುವವರಿದ್ದರು.

ಮೂಲೆಯಲ್ಲಿ ನಿಂತಿದ್ದ ಗಿರಿಜಾಬಾಯಿ ಬಾಯಿ ಬಿಟ್ಟಳು. “ಅಣ್ಣಾ, ಹಾಲಿಗಿ ಪುಡಿ ಹಾಕೂ ಮುಂದ ಚಮಚ ಎಲ್ಲೀದು ತಗೊಂಡಿ?”

“ಅಲ್ಲೇ ಕಟ್ಟಿ ಮ್ಯಾಲಿಂದು. ಒರಸೇ ತಗೊಂಡೀನಲ್ಲ.”

“ಅದು ಚಟ್ನಿ ಡಬ್ಬೀದಪ್ಪಾ. ನೀನೇ ಕಳಸಿದ್ದ ಚಟ್ನಿ.”

ಸಾತಲಿಂಗಪ್ಪನವರು ಹೊರಗಿನ ಬೆಂಚಿನ ಮೇಲೆ ಹೋಗಿ ಕೂತರು. ಯಾವಾಗಲೋ ಬಿಲ್ಲೆ ತೆಗೆದು ಜೇಬಿಗೆ ಹಾಕಿಕೊಂಡಿದ್ದರು.

ಒಳಗೆ ಸಾರಿಕಾ ಮಂಚದ ಅಂಚಿಗೆ ಕೂತು ಮಗಳ ಎದೆ ಏರಿಳಿಯುವುದನ್ನು ನೋಡುತ್ತಿದ್ದಳು. ಸಿಳ್ಳೆ ತಗ್ಗಿತ್ತು. ಆದರೆ ಇಳಿದದ್ದು ಕೆಲವು ಗಂಟೆಗಳ ಮೇಲೆ ಮತ್ತೆ ಏರುವುದುಂಟು, ನಾಳೆಯ ತನಕ ಬಿಡುವುದಿಲ್ಲ ಎಂದು ಡಾಕ್ಟರು ಹೇಳಿ ಹೋಗಿದ್ದರು. ಅವಳ ಹತ್ತಿರ ಇನ್ನು ಆಂಪೂಲು ಇರಲಿಲ್ಲ. ಗುರುಶಾಂತ ಹೊಸವನ್ನು ತೆಗೆದುಕೊಂಡು ಸೋಲಾಪುರದಿಂದ ಹೊರಟಿದ್ದ. ಒಬ್ಬ ಹೆಂಗಸು ಬಂದು ಉಡಿ ಚೆಲ್ಲಿದ್ದಕ್ಕೆ ಏನಾದರೂ ಶಾಂತಿ ಮಾಡಿಸಬೇಕು ಎಂದು ತಿಳಿಸಿ ಹೋದಳು. ಸಾರಿಕಾ ಮಗಳ ಉಸಿರು ಎಣಿಸುತ್ತಿದ್ದಳು, ತಪ್ಪಿದರೆ ಮತ್ತೆ ಒಂದರಿಂದ.

ಹೊತ್ತು ಇಳಿಯುವಾಗ ಸಾತಲಿಂಗಪ್ಪನವರಿಗೆ ಹಸಿವೆಯಾಯಿತು. ದುಃಖ ಎಷ್ಟೇ ದೊಡ್ಡದಿರಲಿ, ಅವರ ಹೊಟ್ಟೆ ಮೊದಲಿನಿಂದಲೂ ಗಂಟೆ ತಪ್ಪಿದ್ದಲ್ಲ. ಗೇಟಿನ ಎದುರಿನ ಗಾಡಿಯಲ್ಲಿ ಎರಡು ಜೋಳದ ಭಕ್ರಿ ತಿಂದು ಬಂದರು. ಹೊಟ್ಟೆಗೆ ಬಿದ್ದ ಮೇಲೆ ಧ್ವನಿಯೂ ಅರ್ಧಕ್ಕರ್ಧ ಮರಳಿತ್ತು. ಮೊಮ್ಮಗಳ ಮಂಚದ ಹತ್ತಿರ ಬಂದು ನಿಂತರು. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅವಳ ಕೆನ್ನೆ ಸವರಲು ಕೈ ಮುಂದೆ ಮಾಡಿದರು. ಬೆರಳ ಸಂದಿಯಲ್ಲಿ ಕೆಂಪಗೆ ಶೇಂಗಾ ಚಟ್ನಿಯ ಎಣ್ಣೆ ಹೊಳೆಯುತ್ತಿತ್ತು.

ಸಾರಿಕಾ ಆ ಕೈಯ ಮಣಿಕಟ್ಟು ಹಿಡಿದು ಗಾಳಿಯಲ್ಲೇ ತಡೆದಳು.

ಅವರಿಗೆ ಅದು ಗಮನಕ್ಕೇ ಬರಲಿಲ್ಲ. ಮೆಲ್ಲಗೆ ಕೇಳಿದರು. “ಅಲ್ಲವಾ ಸಾರಿಕಾ, ಇಷ್ಟ ದೊಡ್ಡ ಝಟಕಾ ತಡಕೊಂಡ್ಳಲ್ಲ, ಇನ್ನ ಮೈಗಿ ರೂಢಿ ಆಗಿರಬೇಕಲ್ಲ?”

“ಇಲ್ರಿ. ಮೊದಲ ಕೈ ತೊಳಕೊಂಡ್ ಬರ್ರಿ, ಸಬಕಾರ ಹಚ್ಚಿ.”